ಬಫಲೋದಲ್ಲಿ ಚಾವಣಿ ಕೆಲಸಕ್ಕೆ ಗುತ್ತಿಗೆದಾರರನ್ನು ಗೊತ್ತುಮಾಡುವ ಮುನ್ನ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಈರಿ ಸರೋವರದ ಪೂರ್ವ ತುದಿಯಲ್ಲಿರುವ ಬಫಲೋ ನಗರದಲ್ಲಿ ಚಾವಣಿಗೆ ಮಳೆಗಿಂತ ದೊಡ್ಡ ಪರೀಕ್ಷೆ ಹಿಮದ್ದು. ಇನ್ನೂ ಹೆಪ್ಪುಗಟ್ಟದ ಸರೋವರದ ಮೇಲೆ ಹಾದುಬರುವ ಕೊರೆಯುವ ಗಾಳಿ ನೀರಿನ ತೇವವನ್ನು ಹೀರಿಕೊಂಡು ದಡ ಮುಟ್ಟಿದೊಡನೆ ಹಿಮವಾಗಿ ಸುರಿಸುತ್ತದೆ. 2022ರ ನವೆಂಬರ್‌ನಲ್ಲಿ ಪಕ್ಕದ ಆರ್ಚರ್ಡ್ ಪಾರ್ಕ್‌ನಲ್ಲಿ ಕೆಲವೇ ದಿನಗಳಲ್ಲಿ ಸುಮಾರು 80 ಅಂಗುಲ ಹಿಮ ಬಿದ್ದಿತ್ತು. ಹಾಗಾಗಿ ಗುತ್ತಿಗೆದಾರರು ಹೇಳುವ ದರವನ್ನು ನೋಡುವ ಮೊದಲು, ಕರಗಿದ ಹಿಮ ನಿಮ್ಮ ಮನೆಯೊಳಗೆ ಯಾವ ದಾರಿಯಲ್ಲಿ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿದೆಯೇ ಎಂದು ನೋಡಬೇಕು.

ಇದನ್ನು ತಿಳಿಯಲು ಸುಲಭದ ದಾರಿಯೊಂದಿದೆ. ಅಂದಾಜು ಕೊಡಲು ಬಂದವರು ಅಟ್ಟ ಹತ್ತುತ್ತಾರೆಯೇ ಎಂದು ಗಮನಿಸಿ. ಮನೆಯ ಬಿಸಿ ಅಟ್ಟಕ್ಕೆ ಸೋರಿದರೆ ಚಾವಣಿಯ ಮೇಲ್ಭಾಗದ ಹಿಮ ಕರಗಿ ಕೆಳಗಿಳಿಯುತ್ತದೆ, ಆದರೆ ಗೋಡೆಯಿಂದಾಚೆ ಚಾಚಿರುವ ಸೂರು ತಣ್ಣಗಿರುವುದರಿಂದ ಅಲ್ಲಿ ಮತ್ತೆ ಗಟ್ಟಿಯಾಗಿ ಮಂಜುಗಡ್ಡೆಯ ಕಟ್ಟೆ ಕಟ್ಟುತ್ತದೆ. ಅದರ ಹಿಂದೆ ನಿಂತ ನೀರು ಶಿಂಗಲ್‌ಗಳ, ಅಂದರೆ ಚಾವಣಿಗೆ ಸಾಲಾಗಿ ಹೊದಿಸುವ ತೆಳು ಬಿಲ್ಲೆಗಳ, ಅಡಿಗೆ ನುಸುಳುತ್ತದೆ. ಬಲ್ಲವರು ಟಾರ್ಚ್ ಹಿಡಿದು ಚಾವಣಿಯ ಹಲಗೆಯಿಂದ ಹೊರಬಂದ ಮೊಳೆಗಳ ತುದಿ ತುಕ್ಕು ಹಿಡಿದಿದೆಯೇ, ಮರ ಕಪ್ಪಾಗಿದೆಯೇ, ಸೂರಿನ ಗಾಳಿಕಿಂಡಿಗಳನ್ನು ಇನ್ಸುಲೇಷನ್ (ಬಿಸಿ ಸೋರದಂತೆ ಹಾಸುವ ಪದರ) ಮುಚ್ಚಿದೆಯೇ ಎಂದು ನೋಡುತ್ತಾರೆ. ರಸ್ತೆಯಲ್ಲೇ ನಿಂತು ಬೆಲೆ ಹೇಳಿ ಹೊರಟವರಿಗೆ ಕೆಲಸ ಕೊಡಬೇಡಿ.

ಅಂದಾಜುಪಟ್ಟಿಯಲ್ಲಿ ಸೂರಿನ ಅಂಚಿನಿಂದ ಆರಂಭಿಸಿ, ಹೊರಗೋಡೆಯ ಗೆರೆಯನ್ನು ದಾಟಿ ಒಳಕ್ಕೆ ಕನಿಷ್ಠ 24 ಅಂಗುಲದವರೆಗೆ ಅಂಟುವ ಜಲನಿರೋಧಕ ಪದರ ಹಾಸುವುದಾಗಿ ಸ್ಪಷ್ಟವಾಗಿ ಬರೆದಿರಬೇಕು. ಈ ಪದರ ಮರದ ಹಲಗೆಗೇ ಅಂಟಬೇಕಾದ್ದರಿಂದ, ಹಳೆಯ ಶಿಂಗಲ್‌ಗಳ ಮೇಲೆಯೇ ಹೊಸದನ್ನು ಹೊದಿಸುವ ಅಗ್ಗದ ಸಲಹೆಯನ್ನು ನಾನಂತೂ ಒಪ್ಪುವುದಿಲ್ಲ. ಕೊಳೆತ ಹಲಗೆ ಸಿಕ್ಕರೆ ಒಂದೊಂದಕ್ಕೆ ಎಷ್ಟು ಡಾಲರ್ ಎಂಬುದನ್ನೂ, ಹೊಗೆಗೂಡಿನ ಸುತ್ತಲಿನ ತಗಡನ್ನು ಹೊಸದಾಗಿ ಹಾಕುತ್ತಾರೆಯೇ ಎಂಬುದನ್ನೂ ಮೊದಲೇ ಬರೆಸಿಕೊಳ್ಳಿ.

ಇನ್ನು ಕಾಗದಪತ್ರಗಳು. ಗುತ್ತಿಗೆದಾರರ ನಗರ ಪರವಾನಗಿಯನ್ನು ಬಫಲೋದ ಕಚೇರಿಯಲ್ಲೇ ವಿಚಾರಿಸಿ ಖಚಿತಪಡಿಸಿಕೊಳ್ಳಿ. ನ್ಯೂಯಾರ್ಕ್ ರಾಜ್ಯದಲ್ಲಿ ಕಾರ್ಮಿಕರ ಪರಿಹಾರ ವಿಮೆಗೆ ಪುರಾವೆಯೆಂದರೆ ಸಿ-105.2 ನಮೂನೆ, ಅಥವಾ ವಿಮೆ ರಾಜ್ಯದ ವಿಮಾ ನಿಧಿಯದಾಗಿದ್ದರೆ ಯು-26.3, ಹೊಣೆಗಾರಿಕೆ ವಿಮೆಗೆ ಸಾಮಾನ್ಯವಾಗಿ ತೋರಿಸುವ ಅಕಾರ್ಡ್ ಪತ್ರ ಇದಕ್ಕೆ ಸಾಲದು. ಯಾರಾದರೂ ಸಿಇ-200 ಎಂಬ ವಿನಾಯಿತಿ ಪತ್ರ ಕೊಟ್ಟರೆ, ತಮಗೆ ಈ ವಿಮೆಯ ಅಗತ್ಯವಿಲ್ಲವೆಂದು ಅವರು ಘೋಷಿಸಿದ್ದಾರೆ ಎಂದರ್ಥ. ಹಾಗೆ ಹೇಳಿದವರು ನಾಲ್ಕು ಆಳುಗಳನ್ನು ಚಾವಣಿ ಹತ್ತಿಸುವುದಾದರೆ ಆ ಆಳುಗಳ ವಿಮೆ ಎಲ್ಲಿದೆ ಎಂದು ನೇರವಾಗಿ ಕೇಳಿ, ಏಕೆಂದರೆ ಬಿದ್ದು ಕೈಕಾಲು ಮುರಿದುಕೊಂಡವನ ಚಿಕಿತ್ಸೆಗೆ ಯಾರೂ ದಿಕ್ಕಿಲ್ಲದಂತಾಗಬಾರದು.

ರಾಜ್ಯದ ಕಾನೂನಿನ ಪ್ರಕಾರ 500 ಡಾಲರ್ ಮೀರಿದ ಮನೆ ದುರಸ್ತಿಗೆ ಲಿಖಿತ ಒಪ್ಪಂದ ಬೇಕು, ಅದರಲ್ಲಿ ಕೆಲಸ ಆರಂಭವಾಗುವ ಹಾಗೂ ಮುಗಿಯುವ ಅಂದಾಜು ದಿನಾಂಕಗಳಿರಬೇಕು, ಮತ್ತು ಸಹಿ ಮಾಡಿದ ನಂತರದ ಮೂರನೆಯ ವ್ಯವಹಾರ ದಿನದ ಮಧ್ಯರಾತ್ರಿಯವರೆಗೆ ನೀವು ಅದನ್ನು ರದ್ದುಪಡಿಸಬಹುದು. ಮುಂಗಡ ಹಣವನ್ನು ಗುತ್ತಿಗೆದಾರರು ಎಸ್ಕ್ರೋ ಖಾತೆಯಲ್ಲಿ, ಅಂದರೆ ಆ ಹಣವನ್ನು ಬೇರೆಯಾಗಿ ಕಾಯ್ದಿಡುವ ಖಾತೆಯಲ್ಲಿ, ಇಡಬೇಕು, ಇಲ್ಲವೇ ಅದಕ್ಕೆ ಬಾಂಡ್ (ಹಣಕ್ಕೆ ಖಾತರಿಪತ್ರ) ಒದಗಿಸಬೇಕು. ಯಾವ ಬ್ಯಾಂಕಿನಲ್ಲಿ ಇಡುತ್ತಾರೆ ಎಂದು ಕೇಳಲು ಸಂಕೋಚಪಡಬೇಡಿ. ಕೊನೆಯ ಕಂತು ಕೊಡುವ ಮೊದಲು, ಸಾಮಗ್ರಿ ಒದಗಿಸಿದವರಿಗೆ ಹಣ ಸಂದಿದೆಯೆಂಬ ಪತ್ರ ಪಡೆಯಿರಿ.

ಶಿಂಗಲ್‌ಗಳ ಅಡಿಯಲ್ಲಿರುವ ಅಂಟಿನ ಪಟ್ಟಿ ಬಿಸಿಲಿನ ಕಾವಿಗೆ ಮೆತ್ತಗಾಗಿ ಹಿಡಿದುಕೊಳ್ಳಬೇಕು, ಚಳಿಯಲ್ಲಿ ಅದು ಹಿಡಿಯದೆ ಸರೋವರದ ಗಾಳಿಗೆ ಏಳುತ್ತದೆ. ನವೆಂಬರ್‌ನಲ್ಲಿ ಸೋರಿಕೆ ಕಂಡರೆ ಸದ್ಯಕ್ಕೆ ತೇಪೆ ಹಾಕಿಸಿ, ಇಡೀ ಚಾವಣಿಯ ಕೆಲಸಕ್ಕೆ ಚಳಿಗಾಲದಲ್ಲೇ ಅಂದಾಜುಗಳನ್ನು ತರಿಸಿಕೊಂಡು ವಸಂತದ ದಿನಾಂಕವೊಂದನ್ನು ಗೊತ್ತುಮಾಡಿಕೊಳ್ಳಿ.