ಸ್ಕ್ರೀನ್ ಒಂದೂವರೆ ಮೊಳ ದೂರ ಇರಲಿ: ಕಣ್ಣಿನ ದಣಿವು ಕಳೆಯುವುದು ಹೇಗೆ?

ಮೈಸೂರಿನ ಸರಸ್ವತಿಪುರಂನಲ್ಲಿ, ಮನೆಯ ಮಹಡಿ ಮೇಲಿನ ರೂಮಿನಲ್ಲಿ ಕೂತು ಹದಿನೆಂಟು ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಪರೀಕ್ಷೆ ಗೈಡು, ಎಲ್ಲವೂ ಕನ್ನಡ. ಹೋದ ವರ್ಷ ಒಂದು ಸಂಜೆ ‘ಅರ್ಧ’ ಮತ್ತು ‘ಅರ್ಥ’ ಎರಡೂ ಒಂದೇ ಥರ ಕಾಣತೊಡಗಿದವು. ಥಕಾರದ ಒಳಗಿನ ಚುಕ್ಕಿ ಮಾಯ. ಕಣ್ಣಿಗೆ ಮಣ್ಣು ಬಿದ್ದ ಹಾಗೆ ಕರಕರ, ಹಣೆಯಲ್ಲಿ ಬಿಗಿತ. ಎದ್ದು ಕಿಟಕಿಗೆ ಬಂದರೆ ಚಾಮುಂಡಿ ಬೆಟ್ಟದ ದೀಪಗಳೂ ಒಂದು ಕ್ಷಣ ಮಂಜು ಮಂಜು.

ಸ್ಕ್ರೀನಿನ ಬೆಳಕೇ ಕಾರಣ ಅಂದುಕೊಂಡೆ. ಒಂದು ಕನ್ನಡಕದ ಅಂಗಡಿಗೆ ಹೋಗಿ, ನೀಲಿ ಬೆಳಕು ತಡೆಯುತ್ತದೆ ಎಂಬ ಲೆನ್ಸಿಗೆ ಜಾಸ್ತಿ ದುಡ್ಡು ಕೊಟ್ಟು ಬಂದೆ. ಎರಡು ತಿಂಗಳಾದರೂ ಉರಿ ಹೋಗಲಿಲ್ಲ. ಕೊನೆಗೆ ಕಣ್ಣಿನ ಡಾಕ್ಟರ್ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ: ‘ಮಾನಿಟರ್ ನಿಮ್ಮ ಕಣ್ಣಿಂದ ಎಷ್ಟು ದೂರ ಇದೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತಿನಿಂದ ಒಂದೊಂದೇ ಸರಿಮಾಡುತ್ತಾ ಬಂದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ರೆಪ್ಪೆ ಎಣಿಸಿ

ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15ರಿಂದ 20 ಸಲ ಕಣ್ಣು ಮಿಟುಕಿಸುತ್ತೇವೆ. ಸ್ಕ್ರೀನ್ ನೋಡುವಾಗ ಇದು ಅರ್ಧಕ್ಕೋ, ಅದಕ್ಕಿಂತ ಕೆಳಗೋ ಇಳಿಯುತ್ತದೆ. ನಂಬಿಕೆ ಬರದಿದ್ದರೆ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ನಿಮಿಷ ಎಣಿಸಲು ಹೇಳಿ. ಯಾವಾಗ ಎಣಿಸುತ್ತಾರೆ ಅಂತ ಮಾತ್ರ ನಿಮಗೆ ಗೊತ್ತಾಗಬಾರದು. ಮಗಳು ನನ್ನನ್ನು ಎಣಿಸಿದಾಗ ಪ್ರೂಫ್ ತಿದ್ದುತ್ತಿದ್ದೆ. ಬಂದ ಲೆಕ್ಕ ನಾಲ್ಕು.

ಕಣ್ಣೀರು ಬರೀ ನೀರಲ್ಲ. ಕಣ್ಣಿಗೆ ಅಂಟಿಕೊಳ್ಳುವ ತೆಳು ಲೋಳೆ, ಅದರ ಮೇಲೆ ನೀರು, ಎಲ್ಲಕ್ಕಿಂತ ಮೇಲೆ ಎಣ್ಣೆಯ ಪದರ. ರೆಪ್ಪೆಯ ಅಂಚಿನಲ್ಲಿರುವ ಸಣ್ಣ ಗ್ರಂಥಿಗಳು ಈ ಎಣ್ಣೆ ಕೊಡುತ್ತವೆ. ಮೇಲಿನ ರೆಪ್ಪೆ ಕೆಳಗಿನ ರೆಪ್ಪೆಯನ್ನು ಪೂರ್ತಿ ಮುಟ್ಟಿದಾಗ ಎಣ್ಣೆ ಹೊರಬಂದು ಹರಡುತ್ತದೆ, ನೀರು ಬೇಗ ಆರುವುದಿಲ್ಲ. ಸ್ಕ್ರೀನ್ ಮುಂದೆ ನಾವು ಮಿಟುಕಿಸುವುದೇ ಕಡಿಮೆ, ಅದರಲ್ಲೂ ಅರ್ಧಂಬರ್ಧ. ಕರಕರ ಶುರುವಾಗುವುದು ಅಲ್ಲಿಂದ. ಒಣಗಿದ ಕಣ್ಣಿನಿಂದ ನೀರು ಸುರಿಯುವುದೂ ಉಂಟು, ಅದು ಉರಿಗೆ ಕಣ್ಣು ಕೊಡುವ ಉತ್ತರ.

ಹಾಗಾಗಿ ಹೀಗೆ ಮಾಡಿ. ಕಣ್ಣನ್ನು ಮೆತ್ತಗೆ ಮುಚ್ಚಿ, ಎರಡು ಎಣಿಸಿ, ರೆಪ್ಪೆಗಳನ್ನು ಸ್ವಲ್ಪವೇ ಒತ್ತಿ, ಬಿಡಿ. ಹತ್ತು ಸಲ. ನಾನು ಪ್ರತಿ ಪುಟ ಸೇವ್ ಮಾಡುವಾಗ ಇದನ್ನು ಮಾಡುತ್ತೇನೆ. ನಿಮ್ಮ ಕೆಲಸದಲ್ಲೂ ಮತ್ತೆ ಮತ್ತೆ ಬರುವ ಒಂದು ಕ್ಷಣ ಇದ್ದೇ ಇರುತ್ತದೆ, ಅದಕ್ಕೆ ಇದನ್ನು ಗಂಟು ಹಾಕಿ. ಅಲಾರಂ ಇಟ್ಟರೆ ಎರಡೇ ದಿನಕ್ಕೆ ಬೇಸರ ಬಂದು ಆಫ್ ಮಾಡುತ್ತೇವೆ, ಅಲ್ವಾ?

ಮಾನಿಟರನ್ನು ಸರಿಯಾದ ಜಾಗದಲ್ಲಿಡಿ

ನಮ್ಮ ಹಳೆಯ ಮೊಳದ ಲೆಕ್ಕ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಮೊಣಕೈಯಿಂದ ನಡುಬೆರಳ ತುದಿವರೆಗೆ ಒಂದು ಮೊಳ, ಸುಮಾರು 45 ಸೆಂಟಿಮೀಟರ್. ಕಣ್ಣಿಂದ ಸ್ಕ್ರೀನಿಗೆ ಒಂದೂವರೆ ಮೊಳದ ಆಸುಪಾಸು ಇರಲಿ. ಕಂಪ್ಯೂಟರ್‌ಗೆ ಸಾಮಾನ್ಯವಾಗಿ ಹೇಳುವ 50ರಿಂದ 70 ಸೆಂಟಿಮೀಟರ್ ಅಂತರದೊಳಗೇ ಅದು ಬರುತ್ತದೆ.

ಎತ್ತರದ ವಿಷಯದಲ್ಲಿ ನಾನು ಉಲ್ಟಾ ಮಾಡಿದ್ದೆ. ಕತ್ತು ನೋವು ಅಂತ ಮಾನಿಟರ್ ಕೆಳಗೆ ಎರಡು ರೀಮ್ ಪೇಪರ್ ಪೇರಿಸಿದ್ದೆ. ಸ್ಕ್ರೀನ್ ಮೇಲೆ ಹೋದಷ್ಟೂ ಕಣ್ಣು ಅಗಲವಾಗಿ ತೆರೆಯಬೇಕು. ತೆರೆದಷ್ಟೂ ಬೇಗ ಒಣಗುತ್ತದೆ. ಸ್ಕ್ರೀನಿನ ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇದ್ದರೆ ದೃಷ್ಟಿ ತಾನಾಗೇ ಕೆಳಮುಖವಾಗಿರುತ್ತದೆ, ರೆಪ್ಪೆ ಅರೆ ಇಳಿದಿರುತ್ತದೆ. ಎರಡೂ ರೀಮ್ ತೆಗೆದ ವಾರದಲ್ಲೇ ನನಗೆ ವ್ಯತ್ಯಾಸ ಗೊತ್ತಾಯಿತು.

ಇನ್ನು ಬೆಳಕು. ಸ್ಕ್ರೀನ್ ಆಫ್ ಮಾಡಿ ಆ ಕಪ್ಪು ಗಾಜಿನಲ್ಲಿ ನೋಡಿ. ಕಿಟಕಿಯೋ ಟ್ಯೂಬ್‌ಲೈಟೋ ಕಂಡರೆ ಮೇಜು ತಿರುಗಿಸಿ. ಕಿಟಕಿ ಬೆನ್ನ ಹಿಂದೆಯೂ ಬೇಡ, ಎದುರಿಗೂ ಬೇಡ, ಪಕ್ಕಕ್ಕೆ ಇರಲಿ. ಆಮೇಲೆ ಒಂದು ಬಿಳಿ ಹಾಳೆಯನ್ನು ಸ್ಕ್ರೀನ್ ಪಕ್ಕ ಹಿಡಿಯಿರಿ. ಹಾಳೆಗಿಂತ ಸ್ಕ್ರೀನ್ ದೀಪದ ಹಾಗೆ ಉರಿಯುತ್ತಿದ್ದರೆ ಬ್ರೈಟ್‌ನೆಸ್ ಇಳಿಸಿ. ಕರೆಂಟ್ ಹೋದಾಗ ಕತ್ತಲಲ್ಲಿ ಮೊಬೈಲ್ ನೋಡುತ್ತಾ ಕೂರುತ್ತೇವಲ್ಲ, ಆಗಲೂ ಇದೇ ಮಾತು.

ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಹೊಡೆಯಬಾರದು. ಏಪ್ರಿಲ್ ಸೆಕೆಯಲ್ಲಿ ಇದು ಕಷ್ಟ, ಒಪ್ಪುತ್ತೇನೆ. ಟೇಬಲ್ ಫ್ಯಾನನ್ನು ಕಾಲಿನ ಕಡೆ ತಿರುಗಿಸಿಟ್ಟುಕೊಳ್ಳಿ.

ಅಕ್ಷರ ದೊಡ್ಡದು ಮಾಡಿ. ಕನ್ನಡ ಓದುವವರಿಗೆ ಇದು ಇನ್ನೂ ಮುಖ್ಯ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಕೂರುತ್ತದೆ, ಗುಡಿಸು ಮೇಲೆ ಸುತ್ತುತ್ತದೆ, ದಕಾರದ ಹೊಟ್ಟೆ ಸೀಳಿದರೆ ಧಕಾರ. ಒಂದು ಕೂದಲೆಳೆ ತಪ್ಪಿದರೆ ಪದವೇ ಬೇರೆ. ಇಂಗ್ಲಿಷ್‌ಗೆ ಸಾಕಾಗುವ ಸೈಜು ಕನ್ನಡಕ್ಕೆ ಸಾಲುವುದಿಲ್ಲ. ನಾನು ಈಗ ಪುಟವನ್ನು 150ಕ್ಕೆ ಜೂಮ್ ಮಾಡಿಕೊಂಡೇ ಕೂರುತ್ತೇನೆ. ಮೊಬೈಲಿನಲ್ಲೂ ಸೆಟ್ಟಿಂಗ್ಸ್‌ಗೆ ಹೋಗಿ ಫಾಂಟ್ ಒಂದೆರಡು ಹಂತ ಏರಿಸಿ. ಅಕ್ಷರ ಚಿಕ್ಕದಿದ್ದರೆ ನಮಗೆ ಗೊತ್ತಿಲ್ಲದೆಯೇ ಫೋನು ಮೂಗಿನ ಹತ್ತಿರ ಬರುತ್ತದೆ.

ಇಪ್ಪತ್ತು ನಿಮಿಷಕ್ಕೊಮ್ಮೆ ದೂರ ನೋಡಿ

ಹತ್ತಿರದ ವಸ್ತು ನೋಡುವಾಗ ಕಣ್ಣಿನೊಳಗಿನ ಒಂದು ಸಣ್ಣ ಸ್ನಾಯು ಬಿಗಿಯಾಗಿ ಮಸೂರವನ್ನು ಉಬ್ಬಿಸುತ್ತದೆ. ದೂರ ನೋಡಿದಾಗ ಸಡಿಲವಾಗುತ್ತದೆ. ತುಂಬಿದ ಬಿಂದಿಗೆಯನ್ನು ಗಂಟೆಗಟ್ಟಲೆ ಕೈಯಲ್ಲೇ ಹಿಡಿದು ನಿಂತರೆ ತೋಳು ಏನಾಗುತ್ತದೋ, ಈ ಸ್ನಾಯುವಿಗೂ ಹಾಗೇ. ಅದಕ್ಕೇ 20-20-20 ಸೂತ್ರ: ಪ್ರತಿ 20 ನಿಮಿಷಕ್ಕೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡುವುದು.

ಮೂವತ್ತು ನಲವತ್ತರ ಸೈಟಿನ ಮನೆಯಲ್ಲಿ ರೂಮಿನೊಳಗೆ 20 ಅಡಿ ಸಿಗುವುದೇ ಕಷ್ಟ. ಆದ್ದರಿಂದ ಕಿಟಕಿಗೋ ಬಾಗಿಲಿಗೋ ಬನ್ನಿ. ಮೈಸೂರಿನಲ್ಲಿ ಬಹಳ ಕಡೆ ತಾರಸಿ ಹತ್ತಿದರೆ ಬೆಟ್ಟ ಕಾಣುತ್ತದೆ. ಮಂಡ್ಯದ ಹಳ್ಳಿಯಲ್ಲಿ ಹಿತ್ತಲ ಬಾಗಿಲು ತೆಗೆದರೆ ಕಬ್ಬಿನ ಗದ್ದೆ. ಹಸಿರೇ ಆಗಬೇಕೆಂದಿಲ್ಲ, ದೂರ ಮುಖ್ಯ. ಎದ್ದು ಹೋಗಿ ಮೊಬೈಲ್ ನೋಡಿದರೆ ಮಾತ್ರ ಅದು ಬಿಡುವಲ್ಲ. ಸ್ನಾಯು ಇನ್ನೂ ಬಿಗಿಯಾಗೇ ಇರುತ್ತದೆ.

ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಒಂದು ಮಾತು. ಅಲುಗುವ ಬೋಗಿಯಲ್ಲಿ ಅಕ್ಷರ ಕುಣಿಯುತ್ತಿರುತ್ತದೆ, ಕಣ್ಣು ಅದನ್ನು ಹಿಡಿಯಲು ಹೆಣಗುತ್ತಲೇ ಇರುತ್ತದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗಲಾದರೂ ಫೋನು ಜೇಬಿಗಿಟ್ಟು ಹೊರಗೆ ನೋಡಿ.

ಉರಿ ಬಂದೇ ಬಿಟ್ಟರೆ

ಶುಭ್ರವಾದ ಕರವಸ್ತ್ರವನ್ನು ಬಿಸಿ ನೀರಿನಲ್ಲಿ ಅದ್ದಿ ಹಿಂಡಿ. ಮೊದಲು ಮುಂಗೈಯ ಒಳಭಾಗಕ್ಕೆ ಇಟ್ಟು ನೋಡಿ. ಹಿತವಾಗಿ ಬೆಚ್ಚಗಿರಬೇಕು, ಸುಡಬಾರದು. ಮುಚ್ಚಿದ ಕಣ್ಣಿನ ಮೇಲೆ ಐದರಿಂದ ಹತ್ತು ನಿಮಿಷ ಇಡಿ, ಆರಿದರೆ ಮತ್ತೆ ಅದ್ದಿ. ರೆಪ್ಪೆ ಅಂಚಿನ ಗ್ರಂಥಿಗಳಲ್ಲಿ ಗಟ್ಟಿಯಾದ ಎಣ್ಣೆ ಕರಗುತ್ತದೆ. ಅಲರ್ಜಿಯ ತುರಿಕೆಯಾದರೆ ಮಾತ್ರ ತಣ್ಣನೆ ಬಟ್ಟೆಯೇ ಒಳ್ಳೆಯದು.

ನಮ್ಮಜ್ಜಿ ಮಂಡ್ಯ ಕಡೆಯವರು. ರಾತ್ರಿ ಕಂಚಿನ ಬಟ್ಟಲಿನ ನೀರಿಗೆ ನಂದಿಬಟ್ಟಲು ಹೂವು ಹಾಕಿಟ್ಟು, ಬೆಳಗ್ಗೆ ಆ ನೀರನ್ನು ಕಣ್ಣಿಗೆ ಬಿಡುತ್ತಿದ್ದರು. ಹರಳೆಣ್ಣೆಯೂ ಇತ್ತು. ಅವರ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆದರೂ ಈಗ ನಾನು ಯಾರಿಗೂ ಹಾಗೆ ಮಾಡಿ ಅನ್ನುವುದಿಲ್ಲ. ರಾತ್ರಿಯಿಡೀ ಇಟ್ಟ ನೀರಿನಲ್ಲಿ ರೋಗಾಣು ಇರಬಹುದು, ಕಣ್ಣಿನ ಕರಿಗುಡ್ಡೆಗೆ ಸೋಂಕು ತಗುಲಿದರೆ ದೃಷ್ಟಿಗೇ ಕುತ್ತು. ಜೇನುತುಪ್ಪ, ರೋಸ್ ವಾಟರ್ ಕೂಡ ಬೇಡ. ತಂಪು ಬೇಕಿದ್ದರೆ ಮುಚ್ಚಿದ ರೆಪ್ಪೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಳ್ಳಿ.

ಔಷಧಿ ಅಂಗಡಿಯಲ್ಲಿ ಸಿಗುವ ಕೃತಕ ಕಣ್ಣೀರಿನ ಹನಿ ಸಹಾಯ ಮಾಡುತ್ತದೆ. ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಸಲ ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ. ಕೆಂಪು ಹೋಗಿಸುವ ಹನಿಗಳನ್ನು ಅಭ್ಯಾಸ ಮಾಡಿಕೊಳ್ಳಬೇಡಿ, ಬಿಟ್ಟ ಮೇಲೆ ಕೆಂಪು ಮತ್ತೆ ಜಾಸ್ತಿಯಾಗುತ್ತದೆ. ಪಕ್ಕದ ಮನೆಯವರಿಗೆ ಕೊಟ್ಟ ಸ್ಟೀರಾಯ್ಡ್ ಹನಿಯನ್ನಂತೂ ಮುಟ್ಟಲೇಬೇಡಿ. ಡಾಕ್ಟರ್ ನಿಗಾ ಇಲ್ಲದೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲುಕೋಮಾ ಬರಬಹುದು, ಪೊರೆ ಬರಬಹುದು.

ನೀಲಿ ಬೆಳಕಿನ ಲೆನ್ಸಿನ ವಿಷಯ. ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2023ರಲ್ಲಿ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಈ ಲೆನ್ಸ್‌ನಿಂದ ಕಣ್ಣಿನ ದಣಿವು ಕಡಿಮೆಯಾಗಲಿಕ್ಕಿಲ್ಲ, ಸದ್ಯಕ್ಕೆ ಪರೀಕ್ಷಿಸಿದ ಅಲ್ಪಾವಧಿಯಲ್ಲಂತೂ ಕಾಣಲಿಲ್ಲ ಎಂದಿದೆ. ಆ ದುಡ್ಡಿನಲ್ಲಿ ಒಮ್ಮೆ ಸರಿಯಾಗಿ ಕಣ್ಣು ಪರೀಕ್ಷೆ ಮಾಡಿಸಿ.

ಮಕ್ಕಳಿದ್ದರೆ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡು ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ದೊಡ್ಡ ಮಕ್ಕಳನ್ನು ಹಗಲು ಬೆಳಕಿನಲ್ಲಿ ಹೊರಗೆ ಆಡಲು ಬಿಡಿ. ಹೊರಗೆ ಆಡುವ ಮಕ್ಕಳಿಗೆ ಸಮೀಪದೃಷ್ಟಿ ಶುರುವಾಗುವ ಸಾಧ್ಯತೆ ಕಡಿಮೆ.

ಡಾಕ್ಟರ್ ಹತ್ತಿರ ಹೋಗುವ ಮುಂಚೆ

ಹಠಾತ್ತನೆ ದೃಷ್ಟಿ ಮಂದವಾದರೆ, ಮಿಂಚು ಹೊಡೆದ ಹಾಗೆ ಕಂಡರೆ, ಕಪ್ಪು ಚುಕ್ಕೆಗಳು ಒಮ್ಮೆಗೇ ಜಾಸ್ತಿಯಾದರೆ, ಪರದೆ ಇಳಿದ ಹಾಗಾದರೆ, ಒಂದು ಎರಡಾಗಿ ಕಂಡರೆ, ಕಣ್ಣು ತುಂಬಾ ನೋಯುತ್ತಿದ್ದರೆ ಇದು ಸ್ಕ್ರೀನಿನ ದಣಿವಲ್ಲ. ಅವತ್ತೇ ಹೋಗಿ. ಸಕ್ಕರೆ ಕಾಯಿಲೆ ಇರುವವರು ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲ ಪರೀಕ್ಷೆ ಮಾಡಿಸಬೇಕು.

ನಲವತ್ತು ದಾಟಿದವರಾದರೆ ಚಾಳೀಸು ಬಂದಿರಬಹುದು. ನನಗೆ ಬಂದಿತ್ತು. ಓದುವ ಕನ್ನಡಕವನ್ನು ಪುಸ್ತಕ ಹಿಡಿಯುವ ದೂರಕ್ಕೆ, ಸುಮಾರು 40 ಸೆಂಟಿಮೀಟರ್‌ಗೆ ಮಾಡಿರುತ್ತಾರೆ. ಮಾನಿಟರ್ ಅದಕ್ಕಿಂತ ದೂರ. ಹಾಗಾಗಿ ನಾವು ಮುಂದಕ್ಕೆ ಬಾಗುತ್ತೇವೆ, ಇಲ್ಲವೇ ಪ್ರೊಗ್ರೆಸಿವ್ (ಮೇಲೆ ದೂರಕ್ಕೆ, ಕೆಳಗೆ ಹತ್ತಿರಕ್ಕೆ ಪವರ್ ಇರುವ) ಲೆನ್ಸಿನ ಕೆಳಭಾಗದಿಂದ ನೋಡಲು ಗದ್ದ ಎತ್ತುತ್ತೇವೆ. ನನ್ನ ಕತ್ತು ನೋವಿನ ಮೂಲ ಅದೇ. ಎರಡನೇ ಸಲ ಡಾಕ್ಟರ್ ಹತ್ತಿರ ಹೋಗುವಾಗ ಟೈಲರಿಂಗ್ ಟೇಪ್ ಹಿಡಿದು, ಮಗಳ ಕೈಯಲ್ಲಿ ಅಳೆಸಿ, ಚೀಟಿಯಲ್ಲಿ ಬರೆದುಕೊಂಡು ಹೋದೆ: ಕಣ್ಣಿಂದ ಮಾನಿಟರ್‌ಗೆ 66 ಸೆಂಟಿಮೀಟರ್, ಮೊಬೈಲ್‌ಗೆ 35. ಅವರು ಆ ಮೊದಲ ಅಂಕಿ ನೋಡಿಯೇ ಕಂಪ್ಯೂಟರಿಗೆ ಬೇರೆ ಕನ್ನಡಕ ಬರೆದುಕೊಟ್ಟರು. ನೀವೂ ಎಂದಿನಂತೆ ಆರಾಮಾಗಿ ಕೂತು, ಯಾರಿಂದಲಾದರೂ ಅಳೆಸಿ, ಆ ಚೀಟಿ ಜೊತೆಗಿಟ್ಟುಕೊಂಡು ಹೋಗಿ.