ಕೈಗೆ ಸಿಗುವ ಗೆರೆ: ನನ್ನ ಡ್ರಾಯಿಂಗ್ ಕ್ಲಾಸಿನ ಅನುಭವ

ಮೂರು ವರ್ಷದ ಹಿಂದೆ ಮಡಿಕೇರಿಯ ನಮ್ಮ ಚಿತ್ರಕಲಾ ಕಾಲೇಜಿಗೆ ಕಣ್ಣು ಕಾಣದ ಹುಡುಗಿಯೊಬ್ಬಳು ಸೇರಿದಳು. ಸಿದ್ದಾಪುರ ಕಡೆಯ ಕಾಫಿ ತೋಟದ ಲೈನ್‌ಮನೆಯವಳು, ಅಂದರೆ ಕೂಲಿಯವರ ಸಾಲುಮನೆಯವಳು. ಹತ್ತನೇ ಕ್ಲಾಸಿನವರೆಗೆ ಸ್ವಲ್ಪ ಕಾಣುತ್ತಿತ್ತಂತೆ, ಆಮೇಲೆ ಪೂರ್ತಿ ಹೋಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಮಾತು, "ಸಂಗೀತಕ್ಕೆ ಹೋಗಬಹುದಿತ್ತಲ್ವಾ?" ಗದಗಿನ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇದ್ದ ನಾಡು ನಮ್ಮದು. ಕಣ್ಣಿಲ್ಲ ಅಂದರೆ ಹಾರ್ಮೋನಿಯಂ ಅನ್ನುವ ಲೆಕ್ಕ ತಲೆಯಲ್ಲಿ ಕೂತುಬಿಟ್ಟಿದೆ. ಅವಳಿಗೆ ಬೇಕಿದ್ದದ್ದು ಚಿತ್ರ.

ಶಾಂತಿನಿಕೇತನದ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ 1950ರ ದಶಕದಲ್ಲಿ ದೃಷ್ಟಿ ಪೂರ್ತಿ ಹೋದಮೇಲೂ ಬಣ್ಣದ ಕಾಗದ ಕತ್ತರಿಸಿ ಅಂಟಿಸಿದರು, ಗೆರೆ ಎಳೆದರು, ಟೈಲ್‌ನಲ್ಲಿ ಗೋಡೆಚಿತ್ರವನ್ನೂ ಮಾಡಿದರು. ಇದನ್ನು ವರ್ಷವರ್ಷ ಪಾಠದಲ್ಲಿ ಹೇಳುವವಳು ನಾನೇ. ಎದುರಿಗೆ ಬಂದು ನಿಂತ ಹುಡುಗಿಗೆ ಆಗಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ನೂರಕ್ಕೆ 5 ಸೀಟು ಅವರಿಗೆ ಅಂತ ಹೇಳುತ್ತದೆ. ಆದರೆ ಸೋಮವಾರ ಬೆಳಿಗ್ಗೆ ಡ್ರಾಯಿಂಗ್ ಬೋರ್ಡಿನ ಮುಂದೆ ಏನು ಮಾಡಬೇಕು ಅನ್ನೋದನ್ನು ನಾವೇ ಹುಡುಕಬೇಕು.

ಮೊದಲು ಉಲ್ಲನ್ ದಾರ ತಂದೆ. ಡ್ರಾಯಿಂಗ್ ಶೀಟಿನ ಮೇಲೆ ಫೆವಿಕಾಲ್ ಹಚ್ಚಿ ದಾರ ಕೂರಿಸಿದೆ. ಮೇ ತಿಂಗಳಲ್ಲಿ ಚೆನ್ನಾಗಿತ್ತು. ಜುಲೈಗೆ ಮಡಿಕೇರಿ ಮಳೆಗೆ ದಾರ ತೇವ ಹೀರಿ ಎದ್ದು ಬಂತು, ಶೀಟಿಗೆ ಬೂಷ್ಟು ಹಿಡಿಯಿತು. ಹದಿನೆಂಟೋ ಇಪ್ಪತ್ತೋ ಚಿತ್ರ ಹಾಗೇ ಹೋದವು.

ಆಮೇಲೆ ಗ್ಲೂ ಗನ್. ಗನ್ನಿಗೆ 350 ರೂಪಾಯಿ, ಕಡ್ಡಿಗಳಿಗೆ ತಿಂಗಳಿಗೆ 200ರ ಮೇಲೆ. ಗೆರೆ ಗಟ್ಟಿಯಾಗಿ ಬರುತ್ತದೆ, ಮಳೆಗೂ ಜಗ್ಗೋದಿಲ್ಲ. ಒಂದು ಶೀಟಿಗೆ ನನಗೆ ಎರಡು ಗಂಟೆ ಬೇಕಿತ್ತು. ಉತ್ಸಾಹದಲ್ಲಿ ನಮ್ಮೂರಿನ ಓಂಕಾರೇಶ್ವರ ದೇವಸ್ಥಾನವನ್ನು ಗುಮ್ಮಟ, ಕಮಾನು, ಮೆಟ್ಟಿಲು, ಕೆರೆ ಸಮೇತ ಒಂದೇ ಶೀಟಿನಲ್ಲಿ ಮಾಡಿ ಅವಳ ಕೈಗಿಟ್ಟೆ. ಹತ್ತು ನಿಮಿಷ ಬೆರಳಾಡಿಸಿದಳು. "ಮೇಡಂ, ಇದು ಮೀನಿನ ಬಲೆ ಥರ ಇದೆ" ಅಂದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಣ್ಣು ಒಂದೇ ಸಲ ಪೂರ್ತಿ ಹಿಡಿಯುತ್ತದೆ, ಬೆರಳಿನ ತುದಿ ಒಂದೊಂದೇ ಜಾಗ ಮುಟ್ಟಿಕೊಂಡು ಹೋಗುತ್ತದೆ. ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ಅಂದಿನಿಂದ ಒಂದು ಶೀಟಿಗೆ ಒಂದೇ ವಸ್ತು, ಗೆರೆ ಗೆರೆ ನಡುವೆ ಕಡಿಮೆ ಅಂದರೂ ಅರ್ಧ ಬೆರಳಗಲ ಜಾಗ.

ಆ ದೇವಸ್ಥಾನ ಕೊನೆಗೆ ಅರ್ಥವಾದದ್ದು ತೆಂಗಿನ ಚಿಪ್ಪಿನಿಂದ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಗುಡಿ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ. ಇದನ್ನು ಅಂಗೈ ಅಗಲ 3ಡಿ ಪ್ರಿಂಟ್ ಮಾಡಿಕೊಡಲು ಮೈಸೂರಿನ ಅಂಗಡಿಯಲ್ಲಿ 4,000 ಕೇಳಿದರು. ನಾನು ಸ್ವೀಟ್ ಬಾಕ್ಸಿನ ಮೇಲೆ ಅರ್ಧ ಚಿಪ್ಪು ಬೋರಲು ಹಾಕಿ ಮೂಲೆಗೆ ನಾಲ್ಕು ಪೆನ್ ಕ್ಯಾಪ್ ಅಂಟಿಸಿದೆ. ಒಂದೇ ನಿಮಿಷದಲ್ಲಿ, "ಓ, ಮೇಲೆ ಮಸೀದಿ ಥರ, ಒಳಗೆ ಶಿವ" ಅಂದಳು. ಶೈಲಿಗಳ ಬೆರಕೆ ಬಗ್ಗೆ ನಾನು ಒಂದು ಗಂಟೆ ಕೊರೆಯುವ ಪಾಠ ಅಷ್ಟರಲ್ಲಿ ಮುಗಿದಿತ್ತು!

ಇಷ್ಟಾದರೂ ಒಂದು ಕೊರಗು ಇತ್ತು. ಚಿತ್ರ ಮಾಡುವವಳು ನಾನು, ಮುಟ್ಟುವವಳು ಅವಳು. ಡ್ರಾಯಿಂಗ್ ವಿದ್ಯಾರ್ಥಿ ತಾನೇ ಗೆರೆ ಎಳೆಯಬೇಕು, ಎಳೆದದ್ದು ಆಗಲೇ ಕೈಗೆ ಸಿಗಬೇಕು. ಬಿಸಿ ತಾಗಿದರೆ ಕಪ್ಪು ಗೆರೆ ಉಬ್ಬುವ ಕಾಗದ ಸಿಗುತ್ತದೆ. ವಿಚಾರಿಸಿದೆ. ಹಾಳೆಗೇ ನೂರರ ಮೇಲೆ, ಯಂತ್ರಕ್ಕೆ ಲಕ್ಷದ ಹತ್ತಿರ ಹೇಳಿದರು. ಆ ಆಸೆ ಬಿಟ್ಟೆ. ಅಲ್ಲಿಗೆ ನನ್ನ ಕೈಯಿಂದಲೇ ಆರೂವರೆ ಸಾವಿರ ಖರ್ಚಾಗಿತ್ತು. ಮನೆಯಲ್ಲೂ ಕೇಳತೊಡಗಿದರು.

ಗೆದ್ದದ್ದು ರಬ್ಬರ್ ಶೀಟು. ಹಲಗೆಯ ಮೇಲೆ ಮೆತ್ತನೆ ರಬ್ಬರ್, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ, ಇಂಕು ಮುಗಿದ ಬಾಲ್ ಪೆನ್. ಒತ್ತಿ ಎಳೆದರೆ ಪ್ಲಾಸ್ಟಿಕ್ ಸುಕ್ಕುಗಟ್ಟಿ ಗೆರೆ ಅದೇ ಬದಿಗೆ ಮೇಲೇಳುತ್ತದೆ. ಬಲಗೈ ಎಳೆಯುತ್ತಿದ್ದರೆ ಎಡಗೈ ಹಿಂದೆಯೇ ಓದಿಕೊಂಡು ಬರುತ್ತದೆ. ಹೊಸ ವಿದ್ಯೆ ಏನಲ್ಲ, ಇಂಥ ಕಿಟ್ ಹೊರಗೆ ಸಿಗುತ್ತದೆ. ನಾನು ಸುಮಾರು 900 ರೂಪಾಯಿಯಲ್ಲಿ ಮಾಡಿದೆ, ಹಾಳೆಗೆ ಮೂರ್ನಾಲ್ಕು ರೂಪಾಯಿ ಬೀಳುತ್ತದೆ. ಪ್ರೊಜೆಕ್ಟರಿಗೆ ಹಾಕುವ ಪಾರದರ್ಶಕ ಓಎಚ್‌ಪಿ ಶೀಟು ದಪ್ಪ, ಗೆರೆ ಏಳೋದಿಲ್ಲ. ತರಕಾರಿ ಕವರು ಹರಿಯುತ್ತದೆ. ಏಳೆಂಟು ಥರ ಹಾಳು ಮಾಡಿದ ಮೇಲೆ ಸರಿಯಾದದ್ದು ಸಿಕ್ಕಿತು. ಯಾವುದು ಅಂತ ಇಲ್ಲಿ ಹೇಳೋದಿಲ್ಲ. ಕ್ಲಾಸಿಗೆ ಬಂದರೆ ಕೈಗೇ ಕೊಡುತ್ತೇನೆ.

ಹಾಳೆ ಹಿಡಿದುಕೊಂಡು ಮಡಿಕೇರಿ ಕೋಟೆಗೆ ಹೋದೆವು. ಒಳಗೆ ಗಾರೆಯ ಎರಡು ಆನೆಗಳಿವೆಯಲ್ಲ, ನಿಜದ ಆನೆಯಷ್ಟೇ ದೊಡ್ಡವು. ಉಳಿದವರು ದೂರ ಕೂತು ಸ್ಕೆಚ್ ಮಾಡಿದರು. ಇವಳು ಕಾಲನ್ನು ತಬ್ಬಿಕೊಂಡಳು, ವೇಲಿಗೆ ಗಂಟು ಹಾಕಿ ಸುತ್ತಳತೆ ಹಿಡಿದಳು, ಸೊಂಡಿಲಿನ ಕೆಳಗೆ ತೂರಿ ಇನ್ನೊಂದು ಬದಿಗೆ ಹೋದಳು. ಮುಕ್ಕಾಲು ಗಂಟೆ. ಆಮೇಲೆ ಕೂತು ಎಳೆದಳು. ಗೆರೆ ನಡುಗಿತ್ತು, ಬಾಲ ಹಾಳೆಯಿಂದ ಆಚೆ ಹೋಗಿತ್ತು. ಆದರೆ ಕಾಲಿನ ತೂಕ ಕ್ಲಾಸಿನ ಬೇರೆ ಯಾರ ಚಿತ್ರದಲ್ಲೂ ಹಾಗೆ ಬಂದಿರಲಿಲ್ಲ. ಮರುವಾರ ನಾನು ಹೇಳದೆಯೇ ನಾಲ್ಕೈದು ಹುಡುಗರು ಹೋಗಿ ಕಾಲು ಮುಟ್ಟಿ ನೋಡಿ ಮತ್ತೆ ಚಿತ್ರ ಮಾಡಿದರು. ಬೇಡ ಅಂದಿದ್ದ ಸಹೋದ್ಯೋಗಿಯೊಬ್ಬರು ಆ ಹಾಳೆಯ ಮೇಲೆ ಕೈಯಾಡಿಸಿ, "ಇನ್ನೊಂದು ಬೋರ್ಡ್ ಮಾಡಿ, ನನ್ನ ಕ್ಲಾಸಿಗೂ ಬೇಕು" ಅಂದರು.

ಮಳೆಯ ತೊಂದರೆ ಇನ್ನೊಂದಿತ್ತು. ನಮ್ಮ ಕ್ಲಾಸಿಗೆ ಶೀಟಿನ ಛಾವಣಿ. ಆಷಾಢದಲ್ಲಿ ಮಳೆ ಹೊಡೆದರೆ ಪಕ್ಕದವರ ಮಾತೂ ಕೇಳೋದಿಲ್ಲ. ಕಣ್ಣಿದ್ದವರು ಬೋರ್ಡ್ ನೋಡುತ್ತಾರೆ, ಅವಳೇನು ಮಾಡಬೇಕು? ಹಿಂದಿನ ರಾತ್ರಿಯೇ ಚಿತ್ರದ ವಿವರಣೆ ಮೂರು ನಿಮಿಷ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸತೊಡಗಿದೆ. ಮೊದಲು ಅಳತೆ, ಆಮೇಲೆ ಯಾವುದರಲ್ಲಿ ಮಾಡಿದ್ದು, ಆಮೇಲೆ ಎಡದಿಂದ ಬಲಕ್ಕೆ ಏನೇನಿದೆ. "ಸುಂದರವಾಗಿದೆ" ಅನ್ನುವ ಮಾತು ಕಡ್ಡಾಯವಾಗಿ ಇಲ್ಲ. ಇಡೀ ಕ್ಲಾಸು ಅದನ್ನು ಪರೀಕ್ಷೆಗೆ ಕೇಳುತ್ತಿತ್ತು ಅಂತ ಆಮೇಲೆ ಗೊತ್ತಾಯಿತು.

ಅದೇ ಬ್ಯಾಚಿನಲ್ಲಿ ಕಿವಿ ಕೇಳದ ಹುಡುಗನೂ ಇದ್ದ. ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದ. ಪ್ರೊಜೆಕ್ಟರ್‌ಗೆ ಅಂತ ನಾನು ಲೈಟ್ ಆರಿಸಿದರೆ ಅವನ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ಒಂದಿಡೀ ಸೆಮಿಸ್ಟರ್ ಇದು ನನಗೆ ತಿಳಿಯಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. 250 ರೂಪಾಯಿಯ ಕ್ಲಿಪ್ ಲ್ಯಾಂಪ್ ತಂದು ನನ್ನ ಮುಖಕ್ಕೆ ಬೆಳಕು ಬೀಳುವ ಹಾಗೆ ಇಟ್ಟೆ, ಅಷ್ಟೇ.

ಜೇಡಿಮಣ್ಣಿನ ಕೆಲಸಕ್ಕೆ ಬಿಸಿನೀರಿನ ಫ್ಲಾಸ್ಕ್ ಬೇಕೇಬೇಕು. ನಮ್ಮ ಚಳಿಗೆ ಬೆರಳು ಮರಗಟ್ಟಿದರೆ ಅವಳಿಗೆ ಏನೂ ತಿಳಿಯೋದಿಲ್ಲ. ಮಣ್ಣನ್ನೂ ಬಿಸಿನೀರಲ್ಲೇ ಕಲಸುತ್ತೇವೆ.

ಪರೀಕ್ಷೆಯಲ್ಲಿ ಥಿಯರಿಗೆ ಕಷ್ಟವಾಗಲಿಲ್ಲ. ಬರೆಯುವವರನ್ನು ಕೊಡುತ್ತಾರೆ, ಗಂಟೆಗೆ 20 ನಿಮಿಷ ಜಾಸ್ತಿ ಸಿಗುತ್ತದೆ. ಪ್ರಾಕ್ಟಿಕಲ್‌ಗೆ ಅವಳ ಬದಲು ಚಿತ್ರ ಬರೆಯಲು ಯಾರನ್ನು ಕೂರಿಸೋದು? ರಬ್ಬರ್ ಬೋರ್ಡಿಗೆ ಒಪ್ಪಿಗೆ ಕೇಳಿ ಪರೀಕ್ಷೆ ನಡೆಸುವವರಿಗೆ ನಾಲ್ಕು ಪತ್ರ ಬರೆದೆ, ಎರಡು ಸಲ ಬಸ್ಸು ಹತ್ತಿ ಹೋಗಿ ಬೋರ್ಡನ್ನೇ ಮೇಜಿನ ಮೇಲಿಟ್ಟು ತೋರಿಸಿದೆ. ಒಪ್ಪಿದರು. ನೂರಕ್ಕೆ ಅರವತ್ತೈದರ ಮೇಲೆ ಬಂತು.

ಈಗ ಕ್ಲಾಸಿನಲ್ಲಿ ಆರು ಬೋರ್ಡ್ ಇವೆ. ಮಾಡುವವರಿಗೆ ಒಂದು ಮಾತು: ಮಳೆ ಬಿಟ್ಟಿತು ಅಂತ ರಬ್ಬರನ್ನು ಬಿಸಿಲಿಗೆ ಒಣಹಾಕಬೇಡಿ. ನಮ್ಮ ಮೊದಲನೆಯದು ಹಾಗೇ ಹಪ್ಪಳದಂತೆ ಸುರುಟಿಕೊಂಡಿತು, 300 ರೂಪಾಯಿ ಹೋಯಿತು.