ಸ್ಪೀಡ್ ಟೆಸ್ಟ್‌ನಲ್ಲಿ 100, ಪುಟ ಮಾತ್ರ ಸುತ್ತುತ್ತಲೇ ಇದೆ: ಮನೆಯ ನೆಟ್ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವ ಬಗೆ

ಸ್ಪೀಡ್ ಟೆಸ್ಟ್‌ನಲ್ಲಿ 100 ಎಂಬಿಪಿಎಸ್ ಬರುತ್ತದೆ, ಬ್ಯಾಂಕಿನ ಪುಟವೋ ಪಹಣಿಯ ಪುಟವೋ ಅರ್ಧಕ್ಕೆ ನಿಂತುಬಿಡುತ್ತದೆ. ಇದಕ್ಕೆ ಪ್ಲಾನ್ ದೊಡ್ಡದು ಮಾಡಿಸಿಕೊಂಡರೆ ತಿಂಗಳ ಬಿಲ್ ಏರುತ್ತದೆ ಅಷ್ಟೆ. 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 5 ಎಂಬಿ. ಸಾಮಾನ್ಯ ಪುಟಕ್ಕೆ ಅದು ಧಾರಾಳ. ಆದರೆ ಪುಟ ಮೂಡಬೇಕಾದರೆ ಹೆಸರಿನಿಂದ ವಿಳಾಸ ಹುಡುಕಬೇಕು, ಸರ್ವರ್ ಜೊತೆ ಸಂಪರ್ಕ ಕಟ್ಟಬೇಕು, ಗುಪ್ತ ಸಂಪರ್ಕದ ಕೀಲಿ ಹಂಚಿಕೊಳ್ಳಬೇಕು, ಆಮೇಲೆ ಹತ್ತಾರು ಚಿಕ್ಕ ಫೈಲುಗಳನ್ನು ಒಂದೊಂದಾಗಿ ಕೇಳಿ ತರಬೇಕು. ನಡುವೆ ಒಂದು ಉತ್ತರ ಕಳೆದುಹೋದರೂ ಅದರ ಹಿಂದಿನದೆಲ್ಲ ಕಾಯುತ್ತಾ ಕೂರುತ್ತದೆ. ಸ್ಪೀಡ್ ಟೆಸ್ಟ್ ಹತ್ತಿರದ ಸರ್ವರ್‌ನಿಂದ ಹಲವು ಸಂಪರ್ಕಗಳಲ್ಲಿ ಒಟ್ಟಿಗೆ ಎಳೆಯುವುದರಿಂದ ಈ ತೊಡಕು ಅದರಲ್ಲಿ ಕಾಣುವುದೇ ಅಪರೂಪ.

ಮೊದಲ ಒಂದು ನಿಮಿಷದ ಕೆಲಸ: ಮೊಬೈಲಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಅದೇ ಪುಟ ತೆರೆಯಿರಿ. ಅಲ್ಲೂ ನಿಂತರೆ ತೊಂದರೆ ಆ ಸೈಟಿನದೇ ಇರಬಹುದು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಬೆಳಿಗ್ಗೆ ರೂಟರ್ ಬಿಚ್ಚಿ ಕೂರುವುದರಲ್ಲಿ ಅರ್ಥವಿಲ್ಲ. ಎರಡನೆಯದು ಇನ್‌ಕಾಗ್ನಿಟೊ ಕಿಟಕಿ. ಅದರಲ್ಲಿ ಸರಿಯಾಗಿ ತೆರೆದರೆ ಬ್ರೌಸರಿನ ಎಕ್ಸ್‌ಟೆನ್ಷನ್ ಅಥವಾ ಹಳೆಯ ಕ್ಯಾಶೆ ಕಾರಣ. ಕಂಪ್ಯೂಟರಿನ ತಾರೀಕು, ಗಂಟೆಯನ್ನೂ ನೋಡಿಬಿಡಿ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದ ಮೇಲೆ ತಾರೀಕು ಹಿಂದಕ್ಕೆ ಹೋಗಿ ಸುರಕ್ಷಿತ ಪುಟಗಳು ತೆರೆಯುವುದಿಲ್ಲ.

ಇಷ್ಟಕ್ಕೂ ಜಗ್ಗದಿದ್ದರೆ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು ಪುಟವನ್ನು ರಿಫ್ರೆಶ್ ಮಾಡಿ. ಉದ್ದನೆಯ ಪಟ್ಟಿ ಇರುವ ಸಾಲನ್ನು ಒತ್ತಿ ಟೈಮಿಂಗ್ ನೋಡಿದರೆ ಎಲ್ಲಿ ಎಷ್ಟು ಹೊತ್ತು ಕಳೆಯಿತು ಎಂದು ಬರೆದಿರುತ್ತದೆ. ಡಿಎನ್ಎಸ್ ಲುಕಪ್‌ನಲ್ಲಿ ಸೆಕೆಂಡುಗಟ್ಟಲೆ ಹೋದರೆ ಹೆಸರು ಹುಡುಕುವ ಸರ್ವರ್ ತಪ್ಪಿತಸ್ಥ. ಇನಿಷಿಯಲ್ ಕನೆಕ್ಷನ್ ಅಥವಾ ಎಸ್ಎಸ್ಎಲ್ (ಗುಪ್ತ ಕೀಲಿ ಹಂಚಿಕೊಳ್ಳುವ ಹಂತ) ಹತ್ತಿರ ನಿಂತರೆ ವೈಫೈ, ಐಪಿವಿ6 (ಹೊಸ ಬಗೆಯ ನೆಟ್ ವಿಳಾಸ), ಎಂಟಿಯು (ಒಂದು ಪ್ಯಾಕೆಟ್, ಅಂದರೆ ಮಾಹಿತಿಯ ಒಂದು ತುಂಡು, ಎಷ್ಟು ದೊಡ್ಡದಿರಬಹುದು ಎಂಬ ಮಿತಿ) ಈ ಮೂರರಲ್ಲಿ ಒಂದನ್ನು ಶಂಕಿಸಬೇಕು. ಸರ್ವರ್ ರೆಸ್ಪಾನ್ಸ್‌ಗೆ ಕಾಯುತ್ತಿದ್ದು ಬೇರೆ ಸೈಟುಗಳೆಲ್ಲ ಸಲೀಸಾಗಿದ್ದರೆ ಆ ಸೈಟೇ ನಿಧಾನ. ಸ್ಟಾಲ್ಡ್ ಎಂದು ಬಂದರೆ ಬ್ರೌಸರೇ ಆ ಕೋರಿಕೆಯನ್ನು ತಡೆದು ನಿಲ್ಲಿಸಿಕೊಂಡಿದೆ ಎಂದರ್ಥ: ಹಳೆಯ ಎಚ್‌ಟಿಟಿಪಿ 1.1 ಸೈಟುಗಳಿಗೆ ಕ್ರೋಮ್ ಒಮ್ಮೆಗೆ 6 ಸಂಪರ್ಕ ಮಾತ್ರ ತೆರೆಯುತ್ತದೆ, ಆ ಆರೂ ಸಿಕ್ಕಿಕೊಂಡರೆ ಏಳನೆಯದು ಸಾಲಿನಲ್ಲಿ ನಿಲ್ಲುತ್ತದೆ.

ಮನೆಯೊಳಗೋ, ಹೊರಗೋ

ಮುಂದಿನ ಪರೀಕ್ಷೆಗಳು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ. ಎಲ್ಲವನ್ನೂ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಇಲ್ಲಿ ಅಲ್ಪವಿರಾಮ ಇರುವಲ್ಲಿ ಮಾತ್ರ ಅದರ ಬದಲು ಜಾಗ ಬಿಟ್ಟು ಹೊಡೆಯಬೇಕು. ಮೊದಲು ಐಪಿಕಾನ್ಫಿಗ್ ಕೊಟ್ಟು ಡೀಫಾಲ್ಟ್ ಗೇಟ್‌ವೇ ಎಂಬಲ್ಲಿರುವ ಅಂಕಿ ಬರೆದುಕೊಳ್ಳಿ. ಅದು ನಿಮ್ಮ ರೂಟರ್, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಪಿಂಗ್ ಎಂದರೆ ಚಿಕ್ಕ ಪ್ಯಾಕೆಟ್ ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಬಂತು ಎಂದು ಅಳೆಯುವುದು. ಈಗ ಪಿಂಗ್, ಹೈಫನ್ ಎನ್, 100, ಆಮೇಲೆ ರೂಟರಿನ ಅಂಕಿ. ಲ್ಯಾನ್ ಕೇಬಲ್‌ನಲ್ಲಿ ಉತ್ತರ 1 ಮಿಲಿಸೆಕೆಂಡಿನ ಆಸುಪಾಸು ಬರಬೇಕು, ಒಳ್ಳೆಯ ವೈಫೈಯಲ್ಲಿ 2ರಿಂದ 10. ನಡುನಡುವೆ 200, 400 ಎಂದು ಜಿಗಿದರೆ ಅಥವಾ ರಿಕ್ವೆಸ್ಟ್ ಟೈಮ್ಡ್ ಔಟ್ ಎಂದು ಬಂದರೆ ತೊಂದರೆ ನಿಮ್ಮ ಗೋಡೆಗಳ ಒಳಗೇ ಇದೆ. ನೆಟ್‌ನವರಿಗೆ ಫೋನ್ ಮಾಡುವ ಮೊದಲು ಅದನ್ನೇ ಸರಿಪಡಿಸಿ.

ನಮ್ಮ ಮನೆಗಳಲ್ಲಿ ಫೈಬರ್ ಎಲ್ಲಿಂದ ಒಳಗೆ ಬಂತೋ ಅಲ್ಲೇ ಬಾಕ್ಸ್ ಕೂರಿಸಿ ಹೋಗುತ್ತಾರೆ: ಬಾಗಿಲ ಮೇಲಿನ ಸಜ್ಜಾ, ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ಕರಾವಳಿಯ ದಪ್ಪನೆಯ ಮುರಕಲ್ಲಿನ ಗೋಡೆಯೋ ಆರ್‌ಸಿಸಿ ಗೋಡೆಯೋ ಎರಡು ಅಡ್ಡ ಬಂದರೆ ಸೋತುಹೋಗುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಎಲ್ಲರೂ ಅದರಲ್ಲೇ ಇರುತ್ತಾರೆ. ಮೈಕ್ರೋವೇವ್ ಒಲೆಯೂ ಅದೇ ತರಂಗದಲ್ಲಿ ಗದ್ದಲ ಮಾಡುತ್ತದೆ. ಬಾಕ್ಸನ್ನು ಎದೆಯೆತ್ತರಕ್ಕೆ, ಮನೆಯ ನಡುವಿಗೆ ತನ್ನಿ. 2.4ರಲ್ಲಿ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಿ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. 3 ಅಥವಾ 4 ಹಾಕಿದರೆ ಎರಡೂ ಕಡೆಯವರ ಜೊತೆ ಡಿಕ್ಕಿ. ಎರಡು ತರಂಗಗಳಿಗೆ ಬೇರೆ ಬೇರೆ ಹೆಸರು ಕೊಟ್ಟರೆ ಲ್ಯಾಪ್‌ಟಾಪ್ ಯಾವುದರಲ್ಲಿದೆ ಎಂಬ ಗೊಂದಲ ಇರುವುದಿಲ್ಲ.

ಸಂಜೆ ಮಾತ್ರ ನಿಲ್ಲುತ್ತಿದ್ದರೆ ಅಪ್‌ಲೋಡ್ ನೋಡಿ

ಇದನ್ನು ಯಾರೂ ಶಂಕಿಸುವುದಿಲ್ಲ, ಆದರೆ ತುಂಬಾ ಮನೆಗಳಲ್ಲಿ ಕಾರಣ ಇದೇ. ಯಾರೋ ಮದುವೆಯಿಂದ ಬಂದು ವೈಫೈಗೆ ಸೇರಿದೊಡನೆ ಫೋನ್ 300 ಫೋಟೊಗಳ ಬ್ಯಾಕಪ್ ಶುರು ಮಾಡುತ್ತದೆ, ಇಲ್ಲವೇ ಸಿಸಿ ಕ್ಯಾಮೆರಾ ದಿನವಿಡೀ ವಿಡಿಯೊ ಮೇಲೆ ಕಳಿಸುತ್ತಿರುತ್ತದೆ. ಅಪ್‌ಲೋಡ್ ತುಂಬಿದಾಗ ರೂಟರ್ ಮಿಕ್ಕಿದ್ದನ್ನು ಬಿಸಾಡದೆ ತನ್ನೊಳಗೆ ರಾಶಿ ಹಾಕಿಕೊಳ್ಳುತ್ತದೆ. ನಿಮ್ಮ ಪುಟದ ಪುಟ್ಟ ಕೋರಿಕೆ ಆ ರಾಶಿಯ ಹಿಂದೆ ನಿಲ್ಲುತ್ತದೆ. ಪರೀಕ್ಷೆ ಸುಲಭ: ಪಿಂಗ್, ಹೈಫನ್ ಟಿ, 8.8.8.8 (ಇದು ಗೂಗಲ್ಲಿನ ಸರ್ವರ್) ಓಡಲು ಬಿಟ್ಟು, ಫೋನಿನಿಂದ ದೊಡ್ಡ ವಿಡಿಯೊ ಒಂದನ್ನು ಡ್ರೈವ್‌ಗೆ ಏರಿಸಿ. 15 ಮಿಲಿಸೆಕೆಂಡ್ ಇದ್ದದ್ದು 300, 500 ಆದರೆ ಕಾರಣ ಸಿಕ್ಕಿತು. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಒತ್ತಿ. ರೂಟರಿನಲ್ಲಿ ಕ್ಯೂಓಎಸ್ (ಯಾವುದಕ್ಕೆ ಎಷ್ಟು ವೇಗ ಎಂದು ಹಂಚುವ ಸೌಲಭ್ಯ) ಅಥವಾ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಇದ್ದರೆ ಒಟ್ಟು ಅಪ್‌ಲೋಡ್ ಮಿತಿಯನ್ನು ಅಳೆದು ಕಂಡ ವೇಗದ ಶೇ 85ರಿಂದ 90ಕ್ಕೆ ಇಡಿ. ಆಗ ರಾಶಿ ಬೀಳುವುದೇ ಇಲ್ಲ. ಆ ಸೌಲಭ್ಯ ಇಲ್ಲದಿದ್ದರೆ ಕ್ಯಾಮೆರಾದ ಗುಣಮಟ್ಟ ಇಳಿಸಿ, ಬ್ಯಾಕಪ್ಪನ್ನು ರಾತ್ರಿ ಮಲಗುವಾಗ ಮಾತ್ರ ಆನ್ ಮಾಡಿ.

ಹೆಸರು ಹುಡುಕುವಲ್ಲಿ ತಡ

ಹೊಸ ಸೈಟಿಗೆ ಹೋದಾಗಲೆಲ್ಲ ಐದಾರು ಸೆಕೆಂಡ್ ಬಿಳಿ ಪರದೆ, ಆಮೇಲೆ ಒಮ್ಮೆಲೇ ತೆರೆದುಕೊಳ್ಳುವುದು ಡಿಎನ್ಎಸ್‌ನ ಲಕ್ಷಣ. ರೂಟರಿನ ಡಿಎಚ್‌ಸಿಪಿ ಪುಟದಲ್ಲಿ (ಮನೆಯ ಸಾಧನಗಳಿಗೆ ವಿಳಾಸ ಹಂಚುವ ಪುಟ) ಮೊದಲನೆಯ ಡಿಎನ್ಎಸ್ ಆಗಿ 1.1.1.1, ಎರಡನೆಯದಾಗಿ 8.8.8.8 ಹಾಕಿ, ಫೋನು ಲ್ಯಾಪ್‌ಟಾಪ್‌ಗಳನ್ನು ವೈಫೈಯಿಂದ ಬಿಡಿಸಿ ಮತ್ತೆ ಸೇರಿಸಿ. ಆಂಡ್ರಾಯ್ಡ್ ಫೋನೊಂದೇ ಕೈಕೊಡುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್ಎಸ್ ನೋಡಿ. ಜಾಹೀರಾತು ತಡೆಯಲೆಂದು ಯಾವುದೋ ಹೆಸರು ಹಾಕಿ ಮರೆತಿರುತ್ತೀರಿ. ಆ ಸರ್ವರ್ ನಿಂತರೆ ಅಥವಾ ನೆಟ್ 853ನೇ ಪೋರ್ಟನ್ನು ತಡೆದರೆ ಫೋನಿನಲ್ಲಿ ಏನೂ ತೆರೆಯದು. ಆಟೊಮ್ಯಾಟಿಕ್‌ಗೆ ಬದಲಿಸಿ.

ಕೆಲವು ಸೈಟು ಮಾತ್ರ, ಯಾವಾಗಲೂ

ಗೂಗಲ್, ಯೂಟ್ಯೂಬ್ ಚೆನ್ನಾಗಿವೆ, ಬ್ಯಾಂಕ್ ಅಥವಾ ಸರ್ಕಾರಿ ಸೈಟು ಯಾವ ಹೊತ್ತಿನಲ್ಲೂ ಎಸ್ಎಸ್ಎಲ್ ಹಂತದಲ್ಲೇ ನಿಲ್ಲುತ್ತದೆ. ಹೀಗಿದ್ದರೆ ಎಂಟಿಯು ಹಿಡಿಯಿರಿ. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ಹೊರಬಹುದು. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಸೇರುವ ಪಿಪಿಪಿಓಇ ಸಂಪರ್ಕ ತನ್ನ ಗುರುತಿಗೆ 8 ಬೈಟ್ ತಿನ್ನುತ್ತದೆ, ಉಳಿಯುವುದು 1492. ಇದಕ್ಕಿಂತ ದೊಡ್ಡದು ಬಂದರೆ ದಾರಿಯ ಯಂತ್ರ 'ಚಿಕ್ಕದಾಗಿ ಕಳಿಸು' ಎಂದು ಹೇಳಿಕಳಿಸಬೇಕು. ಆ ಮಾತನ್ನು ಯಾವುದೋ ಫೈರ್‌ವಾಲ್ ನುಂಗಿದರೆ ಸರ್ವರ್‌ಗೆ ತಿಳಿಯುವುದೇ ಇಲ್ಲ. ಸಂಪರ್ಕ ಶುರುಮಾಡುವ ಚಿಕ್ಕ ಪ್ಯಾಕೆಟ್‌ಗಳು ದಾಟುತ್ತವೆ, ಪ್ರಮಾಣಪತ್ರ ಹೊತ್ತ ದೊಡ್ಡವು ಮಾಯವಾಗುತ್ತವೆ. ಕ್ರೋಮ್‌ನಲ್ಲಿ ಗೂಗಲ್ ಸೈಟುಗಳು ಕ್ವಿಕ್ ಎಂಬ ಬೇರೆ ವಿಧಾನದಲ್ಲಿ 1500ಕ್ಕಿಂತ ಸಾಕಷ್ಟು ಚಿಕ್ಕ ಪ್ಯಾಕೆಟ್ ಕಳಿಸುವುದರಿಂದ ಅವಕ್ಕೆ ಇದರ ಬಿಸಿ ತಟ್ಟುವುದಿಲ್ಲ.

ಪಿಂಗ್, ಹೈಫನ್ ಎಫ್, ಹೈಫನ್ ಎಲ್, 1472, 1.1.1.1 ಎಂದು ಕೊಡಿ. ಉತ್ತರ ಬಂದರೆ 1500 ಪೂರ್ತಿ ದಾಟುತ್ತಿದೆ. ಪ್ಯಾಕೆಟ್ ಒಡೆಯಬೇಕು ಎಂಬ ಸಂದೇಶ ಬಂದರೆ ದಾರಿ ಕಿರಿದು, ಆದರೆ ಮಾತಾಡುತ್ತಿದೆ, ಅದು ಆರೋಗ್ಯದ ಲಕ್ಷಣ. ಚಿಕ್ಕ ಪಿಂಗ್‌ಗೆ ಉತ್ತರ ಇದ್ದು ದೊಡ್ಡದಕ್ಕೆ ಬರೀ ಮೌನವಾದರೆ ಅದೇ ರೋಗ. 1464, ಆಮೇಲೆ ಹತ್ತು ಹತ್ತು ಇಳಿಸುತ್ತಾ ಉತ್ತರ ಬರುವ ಅತಿ ದೊಡ್ಡ ಸಂಖ್ಯೆ ಹುಡುಕಿ, ಅದಕ್ಕೆ 28 ಕೂಡಿಸಿ. 1464 ದಾಟಿದರೆ 1492. ರೂಟರಿನ ವ್ಯಾನ್ (ಹೊರಗಿನ ಸಂಪರ್ಕದ) ಪುಟದಲ್ಲಿ ಎಂಟಿಯು ಜಾಗಕ್ಕೆ ಆ ಸಂಖ್ಯೆ ಹಾಕಿ ರೀಸ್ಟಾರ್ಟ್ ಮಾಡಿ. ಎಂಎಸ್ಎಸ್ ಕ್ಲ್ಯಾಂಪಿಂಗ್ (ಪ್ಯಾಕೆಟ್ ಚಿಕ್ಕದಿರಲಿ ಎಂದು ರೂಟರೇ ಮೊದಲೇ ತಿಳಿಸುವ ಸೌಲಭ್ಯ) ಕಂಡರೆ ಆನ್ ಮಾಡಿ. ಅಂಕಿ ಕೇಳಿದರೆ ಎಂಟಿಯುನಲ್ಲಿ 40 ಕಳೆಯಿರಿ, ಅಂದರೆ 1492 ಇದ್ದರೆ 1452. ನೆಟ್‌ನವರ ಬಾಕ್ಸನ್ನು ಬ್ರಿಜ್‌ಗೆ (ಬರೀ ದಾಟಿಸುವ ಸೇತುವೆಯಂತೆ) ಹಾಕಿ ಸ್ವಂತ ರೂಟರಿನಿಂದ ಡಯಲ್ ಮಾಡುವ ಮನೆಗಳಲ್ಲಿ ಈ ತಪ್ಪು ಹೆಚ್ಚು.

ಐಪಿವಿ6 ಅನ್ನು ಹತ್ತು ನಿಮಿಷ ಆಫ್ ಮಾಡಿ ನೋಡಬಹುದು. ಸರಿಹೋದರೆ ಆ ದಾರಿ ಮುರಿದಿದೆ, ದೂರು ಕೊಡಿ. ಆದರೆ ಶಾಶ್ವತವಾಗಿ ಆಫ್ ಮಾಡಿಡಬೇಡಿ. ರೂಟರಿನ ವ್ಯಾನ್ ವಿಳಾಸ 100.64ರಿಂದ 100.127ರೊಳಗೆ ಶುರುವಾಗಿದ್ದರೆ ಹಲವು ಮನೆಗಳು ಒಂದೇ ಹೊರವಿಳಾಸ ಹಂಚಿಕೊಂಡಿವೆ, ಪ್ರತಿ ಮನೆಗೆ ಸಿಗುವ ಸಂಪರ್ಕಗಳಿಗೆ ಮಿತಿ ಇರುತ್ತದೆ. ಅಲ್ಲಿ ಐಪಿವಿ6 ನಿಮ್ಮ ಉಪಕಾರಿ.

ಫೈಬರ್ ಮತ್ತು ಅಡಾಪ್ಟರ್

ರೂಟರಿನ ಸ್ಟೇಟಸ್ ಪುಟದಲ್ಲಿ ಅಪ್‌ಟೈಮ್ ನೋಡಿ. ಕರೆಂಟ್ ಹೋಗದಿದ್ದರೂ ಅದು ಯಾವಾಗಲೂ ಒಂದೆರಡು ಗಂಟೆಯೇ ಇದ್ದರೆ ಬಾಕ್ಸ್ ತಾನೇ ರೀಸ್ಟಾರ್ಟ್ ಆಗುತ್ತಿದೆ. ಮೊದಲು ಅಡಾಪ್ಟರ್ ಬದಲಿಸಿ. ಹಳೆಯದರ ಮೇಲೆ ಬರೆದಷ್ಟೇ ವೋಲ್ಟ್, ಅಷ್ಟೇ ಅಥವಾ ಹೆಚ್ಚಿನ ಆಂಪಿಯರ್ ಇರಬೇಕು. ಎಲ್‌ಓಎಸ್ ದೀಪ ಕೆಂಪಾದರೆ ಬೆಳಕೇ ಬರುತ್ತಿಲ್ಲ. ದೀಪ ಹಸಿರಿದ್ದೂ ತೊಡಕಿದ್ದರೆ ಆಪ್ಟಿಕಲ್ ಪುಟದಲ್ಲಿ ಆರ್‌ಎಕ್ಸ್ ಪವರ್, ಅಂದರೆ ಒಳಗೆ ಬರುವ ಬೆಳಕಿನ ಬಲ, ನೋಡಿ: ಮೈನಸ್ 15ರಿಂದ ಮೈನಸ್ 25 ಡಿಬಿಎಂ ನಿಶ್ಚಿಂತೆ, ಮೈನಸ್ 27ರ ಹತ್ತಿರ ಬಂದರೆ ಪ್ಯಾಕೆಟ್‌ಗಳು ಉದುರುತ್ತವೆ. ಬಾಗಿಲ ಸಂದಿನಲ್ಲಿ ಮಡಚಿದ ಹಳದಿ ಪ್ಯಾಚ್ ಕಾರ್ಡ್, ಕೋತಿ ಎಳೆದ ಕಂಬದ ಕೇಬಲ್, ಧೂಳು ಕೂತ ಕನೆಕ್ಟರ್ ಇದಕ್ಕೆ ಕಾರಣ. ಕನೆಕ್ಟರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಆ ಬೆಳಕು ಕಾಣುವುದಿಲ್ಲ ಆದರೆ ಅಪಾಯ ಇದ್ದೇ ಇದೆ.

ದೂರು ಕೊಡುವಾಗ 'ನೆಟ್ ಸ್ಲೋ' ಎಂದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರವೇ ಬರುತ್ತದೆ. ಲ್ಯಾನ್ ಕೇಬಲ್‌ನಲ್ಲಿ ರೂಟರಿಗೆ 100ಕ್ಕೆ 100 ಉತ್ತರ, 8.8.8.8ಗೆ 100ರಲ್ಲಿ ಇಷ್ಟು ನಷ್ಟ, ಇಂಥ ಗಂಟೆಗೆ, ಆರ್‌ಎಕ್ಸ್ ಪವರ್ ಇಷ್ಟು ಎಂದು ಹೇಳಿ, ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದುಕೊಳ್ಳಿ. ಲೈನಿನವರು ಬಂದು ಫೈಬರ್ ಜೋಡಿಸಿದ ಮೇಲೆ ಅವರೆದುರೇ ಪವರ್ ಅಂಕಿಯನ್ನೂ ಅದೇ 100 ಪಿಂಗ್‌ಗಳನ್ನೂ ಮತ್ತೊಮ್ಮೆ ನೋಡಿ, ಆಮೇಲೆ ದೂರು ಮುಗಿಸುವ ಓಟಿಪಿ ಕೊಡಿ.